ಸೊಂಟದ ಮೇಲಿನ ಕೈ

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಸ್ಕೆಟ್‌ಬಾಲ್ ಟೂರ್ನಿಗಳಲ್ಲಿ ಸ್ಕೋರರ್ ಮೇಜಿಗೆ ಕೂರುತ್ತಿದ್ದವನು ನಾನು. ಸಿಮೆಂಟ್ ಕೋರ್ಟಿನಲ್ಲಿ ಡ್ರಿಬಲ್ ಮಾಡುತ್ತ ಬರುವ ಹುಡುಗನ ಸೊಂಟದ ಮೇಲೆ ಆಗೆಲ್ಲ ಡಿಫೆಂಡರನ ಒಂದು ಕೈ ಇದ್ದೇ ಇರುತ್ತಿತ್ತು. ಆ ಕೈ ತಳ್ಳುತ್ತಿರಲಿಲ್ಲ, ಹಿಡಿಯುತ್ತಲೂ ಇರಲಿಲ್ಲ. ಹುಡುಗ ಎಡಕ್ಕೆ ಹೊರಳುತ್ತಾನೋ ಬಲಕ್ಕೋ ಎಂಬುದನ್ನು ಮುಟ್ಟಿಯೇ ತಿಳಿದು ಅವನ ಓಟವನ್ನು ಅರೆ ಹೆಜ್ಜೆ ತಡೆಯುತ್ತಿತ್ತು. ಸೀಟಿ ಮಾತ್ರ ಮೊಳಗುತ್ತಿರಲಿಲ್ಲ. ರೆಫರಿಯ ಕಣ್ಣು ಚೆಂಡಿನ ಹಿಂದೆಯೇ ಓಡುತ್ತಿತ್ತು. ಮಣಿಕಟ್ಟಿಗೆ ಏಟು ಬಿದ್ದ ಸದ್ದು ಕೇಳಿದರೆ ಫೌಲ್, ಇಲ್ಲವಾದರೆ ಆಟ ಮುಂದಕ್ಕೆ.

1891ರಲ್ಲಿ ಈ ಆಟವನ್ನು ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಬರೆದ ಹದಿಮೂರು ನಿಯಮಗಳಲ್ಲೇ ಹಿಡಿಯುವುದು, ತಳ್ಳುವುದು, ಭುಜ ಕೊಡುವುದು ನಿಷಿದ್ಧವಾಗಿತ್ತು. ನಿಯಮ ಹಳೆಯದೇ, ಬದಲಾದದ್ದು ಅದನ್ನು ನೋಡುವ ಕಣ್ಣು. ಅಮೆರಿಕದ ಎನ್‌ಬಿಎ 2004–05ರ ಋತುವಿನಲ್ಲಿ ಈ ಕೈಯ ಮೇಲೆ ಬಿಗಿಯಾಯಿತು. ಟಿವಿಯಲ್ಲಿ ಅದನ್ನು ಕಂಡ ನಮ್ಮ ಹುಡುಗರು ಇಲ್ಲೂ ಫೌಲ್ ಕೇಳತೊಡಗಿದರು. ‘ಚೆಂಡು ಬಿಡಿ, ಡಿಫೆಂಡರನ್ನು ನೋಡಿ’ ಎಂದು ಹಿರಿಯ ರೆಫರಿಗಳು ಹೊಸಬರಿಗೆ ಹೇಳುವುದನ್ನು ನಾನು ಮೇಜಿನ ಪಕ್ಕದಲ್ಲೇ ಕೇಳಿಸಿಕೊಂಡೆ.

ಡಿಕ್ಕಿಯ ತೀರ್ಪಿನಲ್ಲಿ ಈ ಮಾತಿನ ಬೆಲೆ ಎದ್ದು ಕಾಣುತ್ತದೆ. ಮೊದಲೆಲ್ಲ ಜೋರಾಗಿ ಬಿದ್ದವನ ಪರ ತೀರ್ಪು ವಾಲುತ್ತಿತ್ತು. ಈಗ ರೆಫರಿ ಡಿಕ್ಕಿಗೆ ಮುಂಚಿನ ಕ್ಷಣವನ್ನು ಹಿಡಿಯುತ್ತಾರೆ. ಡಿಫೆಂಡರ್ ಎದುರಾಳಿಗೆ ಮುಖ ಕೊಟ್ಟು, ಎರಡೂ ಪಾದ ಊರಿ ಜಾಗ ಹಿಡಿದಿದ್ದನೇ? ಹಾಗೆ ಹಿಡಿದ ಮೇಲೆ ಆತ ಹಿಂದಕ್ಕೋ ಪಕ್ಕಕ್ಕೋ ಸರಿದರೂ ತಪ್ಪಲ್ಲ. ಡ್ರಿಬಲ್ ಮಾಡುವವನು ಬಂದು ಅವನ ಎದೆಗೆ ಗುದ್ದಿದರೆ ಅದು ಚಾರ್ಜ್, ಅಂದರೆ ಗುದ್ದಿದವನ ಫೌಲ್. ಡಿಫೆಂಡರ್ ತಡವಾಗಿ ಬಂದು ಸೊಂಟವನ್ನೋ ಮೊಣಕಾಲನ್ನೋ ಅಡ್ಡ ಒಡ್ಡಿದ್ದರೆ ಬ್ಲಾಕ್, ಅಂದರೆ ಡಿಫೆಂಡರನ ಫೌಲ್. ಆಟಕ್ಕೆ ಅಡ್ಡಿಯಾಗದಂತೆ ಮೈ ಸೋಕಿ ಹೋದರೆ ಸೀಟಿ ಊದುವಂತಿಲ್ಲ. 2010ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಫಿಬಾ ಬಾಸ್ಕೆಟ್ಟಿನ ಕೆಳಗೆ 1.25 ಮೀಟರಿನ ಅರ್ಧವೃತ್ತ ತಂದಿತು. ನುಗ್ಗಿ ಬಂದು ಗಾಳಿಗೆ ಹಾರಿದವನಿಗೆ ಅಡ್ಡಲಾಗಿ ಅದರೊಳಗೆ ನಿಂತು ಚಾರ್ಜ್ ಗಿಟ್ಟಿಸುವುದು ಅಲ್ಲಿಗೆ ನಿಂತಿತು.

2017ರ ಜುಲೈನಲ್ಲಿ ಮಹಿಳೆಯರ ಏಷ್ಯಾ ಕಪ್ ಬೆಂಗಳೂರಿನಲ್ಲೇ ನಡೆದು, ಭಾರತ ‘ಬಿ’ ವಿಭಾಗದ ಫೈನಲಿನಲ್ಲಿ ಕಜಕಿಸ್ತಾನವನ್ನು ಸೋಲಿಸಿತು. ಅಲ್ಲಿ ಮೂವರು ರೆಫರಿಗಳು ಕೋರ್ಟನ್ನು ಹಂಚಿಕೊಂಡು ನಿಂತಿದ್ದರು. ಚೆಂಡಿನ ಹತ್ತಿರದವರು ಆ ಜೋಡಿಯ ಮೇಲೆ ಕಣ್ಣಿಟ್ಟರೆ, ಉಳಿದಿಬ್ಬರು ಚೆಂಡಿಲ್ಲದ ಕಡೆಯ ತಳ್ಳಾಟವನ್ನು ಗಮನಿಸುತ್ತಿದ್ದರು. ಎತ್ತರದಲ್ಲಿ ಸೋಲುವ ಗಾರ್ಡ್‌ಗಳಿಗೆ ವೇಗವೇ ಆಸ್ತಿ. ಆ ಆಸ್ತಿಯನ್ನು ಕಾಯುವುದು ಇಂಥ ಕಣ್ಣು.

ನಮ್ಮ ಶಾಲಾ ಪಂದ್ಯಗಳಲ್ಲಿ, ಅಂಕ ಸಮವಾಗಿರುವ ಕೊನೆಯ ನಿಮಿಷಗಳಲ್ಲಿ, ಆ ಹಳೆಯ ಕೈ ಈಗಲೂ ಸೊಂಟಕ್ಕೆ ಬರುತ್ತದೆ. ಪಂದ್ಯವನ್ನು ಆಟಗಾರರೇ ತೀರ್ಮಾನಿಸಿಕೊಳ್ಳಲಿ ಎಂದು ಸೀಟಿ ತಡೆಹಿಡಿಯುವ ರೆಫರಿ ತಪ್ಪಿಗೇ ನೆರವಾಗುತ್ತಾರೆ. ಮೊದಲ ನಿಮಿಷದಲ್ಲಿ ಫೌಲ್ ಎನಿಸಿಕೊಂಡದ್ದು ಕೊನೆಯ ನಿಮಿಷದಲ್ಲೂ ಫೌಲೇ. ಅದನ್ನು ಧೈರ್ಯವಾಗಿ ಊದುವ ರೆಫರಿಗಳನ್ನು ಜಿಲ್ಲೆ ಜಿಲ್ಲೆಗಳಲ್ಲಿ ತಯಾರು ಮಾಡಿದರೆ, ಕುಳ್ಳಗಿನ ಮಕ್ಕಳೂ ಈ ಆಟದಲ್ಲಿ ಉಳಿದು ಬೆಳೆಯುತ್ತಾರೆ.