ಮಗನ ಗಡಿಯಾರ

ನಮ್ಮ ಮನೆಯ ಪಡಸಾಲೆಯ ಗೋಡೆಯಲ್ಲಿ ಎರಡು ಗಡಿಯಾರಗಳಿವೆ. ಒಂದು ನಮ್ಮದು, ಇನ್ನೊಂದನ್ನು ನನ್ನ ಮನೆಯಾಕೆ ‘ಮಗನ ಗಡಿಯಾರ’ವೆಂದು ಕರೆಯುವಳು. ಹೊಸದಾಗಿ ಬಂದವರು ಅದನ್ನು ನೋಡಿ, “ಮೇಷ್ಟ್ರೇ, ಇದು ಅರ್ಧ ಗಂಟೆ ಹಿಂದೆ ಓಡುತ್ತಿದೆಯಲ್ಲ, ಸರಿಮಾಡಿಸಬಾರದೇ?” ಎನ್ನುವರು. “ಅರ್ಧ ಗಂಟೆಯಲ್ಲ, ಹನ್ನೆರಡೂವರೆ ಗಂಟೆ ಹಿಂದೆ ಓಡುತ್ತಿದೆ, ಅದು ಸರಿಯಾಗಿಯೇ ಇದೆ” ಎಂದರೆ ನಗುವರು. ನಗಲಿ. ಆ ಗಡಿಯಾರವು ಗೋಡೆಗೆ ಬಂದ ಬಗೆಯನ್ನು ಹೇಳಿದರೆ ನನ್ನ ದಡ್ಡತನವು ಬಯಲಾಗುವುದು ನಿಜ. ಆದರೆ ಮಕ್ಕಳನ್ನು ದೂರದೇಶಕ್ಕೆ ಕಳುಹಿಸಿ ಕುಳಿತಿರುವ ತಂದೆತಾಯಿಗಳು ಈಗ ಊರೂರಿನಲ್ಲಿಯೂ ಇರುವುದರಿಂದ, ಅವರಲ್ಲಿ ಒಬ್ಬರಿಗಾದರೂ ಇದರಿಂದ ಉಪಕಾರವಾದೀತೆಂದು ಬರೆಯುತ್ತಿದ್ದೇನೆ.

ನಾನು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪ್ರೌಢಶಾಲೆಗಳಲ್ಲಿ ಸಂಸ್ಕೃತವನ್ನು ಕಲಿಸಿದವನು. ಭೂಗೋಳದ ಉಪಾಧ್ಯಾಯರು ರಜೆಯಲ್ಲಿದ್ದಾಗ ಆ ಪಾಠವೂ ನನ್ನ ಪಾಲಿಗೆ ಬರುತ್ತಿತ್ತು. ಭೂಮಿಯು ಇಪ್ಪತ್ತನಾಲ್ಕು ಗಂಟೆಗಳಲ್ಲಿ ೩೬೦ ಡಿಗ್ರಿ ತಿರುಗುವುದು. ಆದುದರಿಂದ ಗಂಟೆಗೆ ೧೫ ಡಿಗ್ರಿ, ಒಂದು ಡಿಗ್ರಿಗೆ ನಾಲ್ಕು ನಿಮಿಷ. ಈ ಲೆಕ್ಕವನ್ನು ಎಷ್ಟು ಮಕ್ಕಳಿಂದ ಬಾಯಿಪಾಠ ಮಾಡಿಸಿದೆನೋ ತಿಳಿಯದು. ಉತ್ತರ ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು. ಕೊನೆಗೆ ನಾನೇ ಬೆಂಚಿನ ಮೇಲೆ ನಿಲ್ಲಬೇಕಾದ ದಿನ ಬಂದಿತು.

ಮೂರು ವರ್ಷಗಳ ಹಿಂದಿನ ಮಾತು. ನವೆಂಬರ್ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಮೈಸೂರಿನಲ್ಲಿ ನನ್ನ ಮನೆಯಾಕೆಗೆ ಹೃದಯದ ಶಸ್ತ್ರಚಿಕಿತ್ಸೆ ನಡೆಯಬೇಕಾಗಿದ್ದಿತು. ಏಳು ಗಂಟೆಗೆ ಒಳಗೆ ಕರೆದೊಯ್ಯುವುದಾಗಿ ವೈದ್ಯರು ಮೊದಲೇ ತಿಳಿಸಿದ್ದರು. ಮಗನು ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಕೆಲಸದಲ್ಲಿದ್ದಾನೆ, ಸೊಸೆಗೆ ಆಗ ತುಂಬಿದ ದಿನಗಳು, ಅವನು ಬರುವಂತಿರಲಿಲ್ಲ. ಶುಕ್ರವಾರ ಮಾತನಾಡಿದಾಗ, “ಅಪ್ಪ, ಭಾನುವಾರ ಸಂಜೆ ನಮ್ಮ ಆರು ಗಂಟೆಗೆ ಸರಿಯಾಗಿ ಫೋನು ಮಾಡುತ್ತೇನೆ. ನಿಮಗೆ ಆಗ ಸೋಮವಾರ ಬೆಳಿಗ್ಗೆ ಆರೂವರೆ. ಅಮ್ಮ ಒಳಗೆ ಹೋಗುವ ಮುಂಚೆ ಅರ್ಧ ಗಂಟೆ ಮಾತನಾಡಬಹುದು” ಎಂದನು. ಏಳೆಂಟು ತಿಂಗಳಿಂದ ನಾವು ಹಾಗೆಯೇ ಲೆಕ್ಕ ಹಾಕುತ್ತಿದ್ದೆವು. ಒಂದು ದಿನವೂ ತಪ್ಪಿರಲಿಲ್ಲ.

ಸೋಮವಾರ ಆರೂವರೆಯಾಯಿತು. ಫೋನು ಬರಲಿಲ್ಲ. ಆಕೆಯು ಮಾತನಾಡದೆ ಅದನ್ನೇ ನೋಡುತ್ತಿದ್ದಳು. ಆರೂ ನಲವತ್ತಕ್ಕೆ ನಾನೇ ಕರೆದೆನು. ಗಂಟೆ ಹೊಡೆದು ಹೊಡೆದು ನಿಂತಿತು. ಮತ್ತೆ ಕರೆದೆನು, ಹಾಗೆಯೇ ಆಯಿತು. ಏಳಕ್ಕೆ ದಾದಿಯರು ಬಂದರು. ಬಾಗಿಲ ಬಳಿ ಆಕೆ ಹಿಂದಿರುಗಿ, “ಅವನಿಗೆ ಏನೋ ಕೆಲಸ ಬಂದಿರಬೇಕು, ಬೈಯಬೇಡಿ” ಎಂದಳು. ಬಾಗಿಲು ಮುಚ್ಚಿತು.

ಏಳೂವರೆಗೆ ಸರಿಯಾಗಿ, ಒಂದು ನಿಮಿಷವೂ ಹೆಚ್ಚುಕಡಮೆಯಿಲ್ಲದೆ, ಮಗನ ಫೋನು ಬಂದಿತು. “ಅಪ್ಪ, ಅಮ್ಮನಿಗೆ ಕೊಡು” ಎಂದನು. ನಾನು ಏನೆಂದೆನೆಂಬುದನ್ನು ಇಲ್ಲಿ ಬರೆಯಲಾರೆ. ಆಕೆ ಹೇಳಿಹೋದ ಮಾತನ್ನು ನಾನು ಅರ್ಧ ಗಂಟೆಯೂ ಉಳಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಅವನು ಸುಮ್ಮನಿದ್ದು, “ನನ್ನ ಗಡಿಯಾರದಲ್ಲಿ ಈಗ ಸರಿಯಾಗಿ ಆರು ಗಂಟೆ, ಅಪ್ಪ” ಎಂದನು. ಆಮೇಲೆ ತಿಳಿಯಿತು: ತಾಯಿಯ ಹೆಸರಿನಲ್ಲಿ ಅರ್ಚನೆ ಮಾಡಿಸಲು ಅವನು ಅಲ್ಲಿಯ ದೇವಾಲಯಕ್ಕೆ ಹೋಗಿದ್ದನು. ಒಳಗೆ ಸದ್ದಾಗಬಾರದೆಂದು ಫೋನನ್ನು ಕಾರಿನಲ್ಲಿಯೇ ಇಟ್ಟಿದ್ದನು. ನಾನು ಕರೆಯುತ್ತಿದ್ದಾಗ ಅವನು ಕೈಮುಗಿದು ನಿಂತಿದ್ದನು.

ಅಮೆರಿಕ ಸಂಯುಕ್ತ ಸಂಸ್ಥಾನದ ಬಹುಭಾಗದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವರು. ನವೆಂಬರಿನ ಮೊದಲ ಭಾನುವಾರ ಮತ್ತೆ ಹಿಂದಕ್ಕೆ ತಿರುಗಿಸುವರು. ಬೇಸಗೆಯ ದೀರ್ಘವಾದ ಹಗಲನ್ನು ಸಂಜೆಯ ಕಡೆಗೆ ಉಳಿಸಿಕೊಳ್ಳುವ ಉಪಾಯವಿದು. ನಮ್ಮ ದೇಶದಲ್ಲಿಯೂ ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೨ರಿಂದ ೧೯೪೫ರವರೆಗೆ, ಗಡಿಯಾರವನ್ನು ಹೀಗೆಯೇ ಒಂದು ಗಂಟೆ ಮುಂದಿಟ್ಟಿದ್ದರು. ಆ ಭಾನುವಾರದ ಬೆಳಗಿನ ಜಾವ ಮಗನ ಫೋನಿನ ಗಡಿಯಾರವು ತಾನಾಗಿಯೇ ಹಿಂದಕ್ಕೆ ಸರಿದಿತ್ತು. ಹನ್ನೆರಡೂವರೆ ಗಂಟೆಯ ಅಂತರವು ಹದಿಮೂರೂವರೆಯಾಗಿತ್ತು. ಅವನ ಆರು ನಮ್ಮ ಆರೂವರೆಯಾಗಿ ಉಳಿದಿರಲಿಲ್ಲ, ಏಳೂವರೆಯಾಗಿತ್ತು. ಸೂರ್ಯನು ತಪ್ಪಲಿಲ್ಲ, ಭೂಮಿಯು ತಪ್ಪಲಿಲ್ಲ. ಅಭ್ಯಾಸವನ್ನು ನಂಬಿದ ನಾವಿಬ್ಬರು ತಪ್ಪಿದೆವು.

ಶಸ್ತ್ರಚಿಕಿತ್ಸೆಯು ಐದು ಗಂಟೆಗಳ ಕಾಲ ನಡೆಯಿತು. ಹೊರಗೆ ಕುಳಿತು ನಾನು ಕಾಲವನ್ನು ಕುರಿತು ಯೋಚಿಸಿದಷ್ಟು ಬಾಳಿನಲ್ಲಿ ಎಂದೂ ಯೋಚಿಸಿರಲಿಲ್ಲ. ಅಂದು ಹೊಳೆದುದನ್ನೂ ಅನಂತರ ಓದಿ ತಿಳಿದುದನ್ನೂ ಸೇರಿಸಿ ಹೇಳುತ್ತೇನೆ.

ಕಾಲವು ಮೂಲದಲ್ಲಿ ಆಯಾ ಊರಿನದು. ಎಲ್ಲಿ ಸೂರ್ಯನು ನೆತ್ತಿಯ ರೇಖೆಯನ್ನು ದಾಟುವನೋ ಅಲ್ಲಿ ಮಧ್ಯಾಹ್ನ. ನಮ್ಮ ಕೃಷ್ಣರಾಜನಗರದ ರೇಖಾಂಶ ಸುಮಾರು ೭೬ ಡಿಗ್ರಿ ೨೩ ಕಲೆ. ಭಾರತದ ಗಡಿಯಾರಗಳು ಅನುಸರಿಸುವುದು ಮಿರ್ಜಾಪುರದ ಬಳಿ ಹಾದುಹೋಗುವ ೮೨ ಡಿಗ್ರಿ ೩೦ ಕಲೆಯ ರೇಖೆಯನ್ನು. ಅಂತರವು ಆರು ಡಿಗ್ರಿಗಿಂತ ಸ್ವಲ್ಪ ಹೆಚ್ಚು; ಡಿಗ್ರಿಗೆ ನಾಲ್ಕರಂತೆ ಸುಮಾರು ಇಪ್ಪತ್ತನಾಲ್ಕೂವರೆ ನಿಮಿಷ. ನಮ್ಮ ಹಿರಿಯರ ಲೆಕ್ಕದಲ್ಲಿ ಇಪ್ಪತ್ತನಾಲ್ಕು ನಿಮಿಷವೆಂದರೆ ಒಂದು ಘಳಿಗೆ. ಎಂದರೆ ನಮ್ಮ ಊರಿನ ಸ್ವಂತ ಕಾಲವು ದೇಶದ ಕಾಲಕ್ಕಿಂತ ಒಂದು ಘಳಿಗೆ ಹಿಂದಿದೆ. ಹಳೆಯ ಎಡತೊರೆಯ ಅರ್ಕೇಶ್ವರನ ಗುಡಿಯ ಬಳಿ, ಕಾವೇರಿಯ ದಡದಲ್ಲಿ ಒಂದು ಕೋಲನ್ನು ನೆಟ್ಟು ನೋಡಿರಿ. ಋತುವಿಗೆ ತಕ್ಕಂತೆ ಕಾಲು ಗಂಟೆ ಹಿಂದುಮುಂದಾದರೂ, ಸರಾಸರಿಯಲ್ಲಿ ಅದರ ನೆರಳು ಅತಿ ಚಿಕ್ಕದಾಗುವುದು ಹನ್ನೆರಡಕ್ಕಲ್ಲ, ಹನ್ನೆರಡು ಗಂಟೆ ಇಪ್ಪತ್ತನಾಲ್ಕು ನಿಮಿಷದ ಸುಮಾರಿಗೆ. ‘ಅರ್ಕ’ನೆಂದರೆ ಸೂರ್ಯನೇ ತಾನೆ! ಅವನ ಹೆಸರಿನ ದೇವನ ಸನ್ನಿಧಿಯಲ್ಲಿಯೇ ನಮ್ಮ ಕೈಗಡಿಯಾರವು ಒಂದು ಘಳಿಗೆ ಸುಳ್ಳು ಹೇಳುವುದು.

ಆದರೆ ಊರೂರಿಗೂ ಒಂದೊಂದು ಕಾಲವಿದ್ದರೆ ರೈಲು ಓಡುವುದೆಂತು? ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ರೈಲುಗಳು ಮದರಾಸಿನ ಕಾಲವನ್ನು ಅನುಸರಿಸಿದವು. ೧೯೦೬ರ ಜನವರಿ ಮೊದಲ ತಾರೀಖಿನಿಂದ ಈಗಿನ ಭಾರತೀಯ ಕಾಲವು ಬಳಕೆಗೆ ಬಂದಿತು. ಇದು ಗ್ರೀನಿಚ್ ಕಾಲಕ್ಕಿಂತ ಐದೂವರೆ ಗಂಟೆ ಮುಂದು. ಕಲ್ಕತ್ತೆಯವರು ೧೯೪೮ರವರೆಗೂ, ಮುಂಬಯಿಯವರು ೧೯೫೫ರವರೆಗೂ ತಮ್ಮ ಊರಿನ ಕಾಲವನ್ನು ಪೂರ್ತಿಯಾಗಿ ಬಿಟ್ಟುಕೊಡಲಿಲ್ಲ. ನಮ್ಮ ದೇಶದ ಪಶ್ಚಿಮದ ತುದಿಗೂ ಪೂರ್ವದ ತುದಿಗೂ ಸುಮಾರು ೨೯ ಡಿಗ್ರಿಗಳ ಅಂತರವಿದೆ. ಸೂರ್ಯೋದಯದಲ್ಲಿ ಹೆಚ್ಚುಕಡಮೆ ಎರಡು ಗಂಟೆಯ ವ್ಯತ್ಯಾಸ. ಆದರೂ ಗಡಿಯಾರ ಒಂದೇ. ಅಸ್ಸಾಮಿನ ಚಹಾತೋಟಗಳಲ್ಲಿ ಮಾತ್ರ ಒಂದು ಗಂಟೆ ಮುಂದಿಟ್ಟ ‘ಬಾಗಾನ್ ಕಾಲ’ವೆಂಬ ಪದ್ಧತಿಯುಂಟು. ಚೀನವು ನಮಗಿಂತಲೂ ವಿಸ್ತಾರವಾದ ದೇಶ. ಅಲ್ಲಿಯೂ ಸರಕಾರದ ಕಾಲ ಒಂದೇ. ರಷ್ಯದಲ್ಲಿಯಾದರೋ ಹನ್ನೊಂದು ಕಾಲವಲಯಗಳು!

ಅಮೆರಿಕದ ರೈಲುಗಳವರು ೧೮೮೩ರ ನವೆಂಬರ್ ೧೮ರಂದು ನೂರಾರು ಊರುಗಳ ಕಾಲಗಳನ್ನು ಬಿಟ್ಟು, ಕೆಲವೇ ವಲಯಗಳನ್ನು ಏರ್ಪಡಿಸಿಕೊಂಡರು. ೧೯೧೮ರಲ್ಲಿ ಅದಕ್ಕೆ ಕಾನೂನಿನ ಬಲ ಬಂದಿತು. ಮುಖ್ಯ ಭೂಭಾಗದಲ್ಲಿ ನಾಲ್ಕು ವಲಯಗಳು. ಅಲಾಸ್ಕ, ಹವಾಯಿಗಳದು ಬೇರೆ. ಬೇಸಗೆಯ ಲೆಕ್ಕದಲ್ಲಿ ನ್ಯೂಯಾರ್ಕ್ ನಮಗಿಂತ ಒಂಬತ್ತೂವರೆ ಗಂಟೆ ಹಿಂದು, ಶಿಕಾಗೊ ಹತ್ತೂವರೆ, ಡೆನ್ವರ್ ಹನ್ನೊಂದೂವರೆ, ಕ್ಯಾಲಿಫೋರ್ನಿಯಾ ಹನ್ನೆರಡೂವರೆ. ಚಳಿಗಾಲದಲ್ಲಿ ಒಂದೊಂದಕ್ಕೂ ಒಂದು ಗಂಟೆಯನ್ನು ಕೂಡಿಸಬೇಕು. ಅರಿಜೋನ ಪ್ರಾಂತದ ಬಹುಭಾಗವೂ ಹವಾಯಿಯೂ ನಮ್ಮಂತೆ ಗಡಿಯಾರವನ್ನು ಮುಟ್ಟುವುದೇ ಇಲ್ಲ. ನನ್ನ ತಂಗಿಯ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಅವಳ ಮನೆಯಲ್ಲಿ ರಾತ್ರಿ ಒಂಬತ್ತಾಗಿ ಮಕ್ಕಳು ಮಲಗುವಾಗ ನನ್ನ ಮಗನ ಮನೆಯಲ್ಲಿ ಸಂಜೆ ಆರು. ಇಬ್ಬರೂ ‘ಅಮೆರಿಕ’ದಲ್ಲಿಯೇ ಇರುವರೆಂದು ಒಂದೇ ಲೆಕ್ಕ ಹಿಡಿದರೆ ಒಬ್ಬರ ನಿದ್ರೆ ಕೆಡುವುದು.

ಮನೆಯವರಿಗೆ ಅನುಕೂಲವಾಗಲೆಂದು ನಾನು ಮಾಡಿಕೊಂಡ ಸೂತ್ರವಿದು. ಕ್ಯಾಲಿಫೋರ್ನಿಯಾಕ್ಕಾದರೆ ನಮ್ಮ ಬೆಳಗನ್ನು ಹಿಂದಿನ ದಿನದ ಸಂಜೆಯನ್ನಾಗಿಯೂ, ನಮ್ಮ ಸಂಜೆಯನ್ನು ಅದೇ ದಿನದ ಬೆಳಗನ್ನಾಗಿಯೂ ಮಾಡಿಕೊಂಡು, ಬೇಸಗೆಯಲ್ಲಿ ಅರ್ಧ ಗಂಟೆ, ಚಳಿಗಾಲದಲ್ಲಿ ಒಂದೂವರೆ ಗಂಟೆ ಕಳೆಯಿರಿ. ನ್ಯೂಯಾರ್ಕಿಗಾದರೆ ಹಾಗೆಯೇ ತಿರುಗಿಸಿ, ಬೇಸಗೆಯಲ್ಲಿ ಎರಡೂವರೆ, ಚಳಿಗಾಲದಲ್ಲಿ ಒಂದೂವರೆ ಗಂಟೆ ಕೂಡಿಸಿರಿ. ಯಾವ ಊರು, ಯಾವ ಋತು, ಯಾವ ವಾರ, ಈ ಮೂರನ್ನೂ ಬಾಯಿಬಿಟ್ಟು ಕೇಳದೆ ಯಾರಿಗೂ ಗಂಟೆಯನ್ನು ಗೊತ್ತುಮಾಡಬೇಡಿರಿ.

ನನಗೆ ಹೆಚ್ಚು ನಾಚಿಕೆಯಾದುದು ಇನ್ನೊಂದು ಕಾರಣದಿಂದ. ಕ್ರಿ. ಶ. ೪೭೬ರಲ್ಲಿ ಹುಟ್ಟಿದ ಆರ್ಯಭಟನು, ಲಂಕೆಯಲ್ಲಿ ಸೂರ್ಯನು ಮೂಡುವಾಗ ಸಿದ್ಧಪುರದಲ್ಲಿ ಮುಳುಗುವನೆಂದೂ, ಆಗ ಯವಕೋಟಿಯಲ್ಲಿ ಮಧ್ಯಾಹ್ನ, ರೋಮಕದಲ್ಲಿ ಮಧ್ಯರಾತ್ರಿಯೆಂದೂ ಹೇಳಿದ್ದಾನೆ. ನಮ್ಮ ಸಿದ್ಧಾಂತಿಗಳ ಮಧ್ಯರೇಖೆಯು ಲಂಕೆಯಿಂದ ಉಜ್ಜಯಿನಿಯ ಮೇಲೆ ಹಾದುಹೋಗುವುದು. ಉಜ್ಜಯಿನಿಯ ನೇರಕ್ಕೆ ದಕ್ಷಿಣಕ್ಕೆ ಬಂದರೆ ಅದು ನಮ್ಮ ನೆರೆಯ ಮಡಿಕೇರಿಯ ಆಸುಪಾಸು. ಆ ರೇಖೆಯಿಂದ ಊರು ಎಷ್ಟು ದೂರವೋ ಅಷ್ಟಕ್ಕೆ ‘ದೇಶಾಂತರ’ ಸಂಸ್ಕಾರವನ್ನು ಮಾಡಬೇಕೆಂದು ಅವರು ವಿಧಿಸಿದರು. ಆ ದೂರವನ್ನು ತಿಳಿಯಲು ಸೂರ್ಯಸಿದ್ಧಾಂತವು ಹೇಳುವ ಉಪಾಯ ಚಂದ್ರಗ್ರಹಣ. ಗ್ರಹಣವು ಎಲ್ಲರಿಗೂ ಒಂದೇ ಕ್ಷಣದಲ್ಲಿ ಹಿಡಿಯುವುದು. ಆ ಕ್ಷಣಕ್ಕೆ ನಿಮ್ಮ ಊರಿನ ಗಂಟೆ ಎಷ್ಟೆಂಬುದು ಮಾತ್ರ ಬೇರೆ. ಇದನ್ನೆಲ್ಲ ತರಗತಿಯಲ್ಲಿ ವಿವರಿಸಿದ ನನಗೆ ಅದು ನಮ್ಮ ಮನೆಯ ಮಾತೆಂದು ತೋರಿರಲಿಲ್ಲ.

ತಿಥಿಯೂ ಹೀಗೆಯೇ. ಚಂದ್ರನು ಸೂರ್ಯನಿಂದ ಹನ್ನೆರಡು ಡಿಗ್ರಿ ಮುಂದೆ ಸರಿದರೆ ಒಂದು ತಿಥಿ. ಅದು ಮುಗಿಯುವ ಕ್ಷಣ ಲೋಕಕ್ಕೆಲ್ಲ ಒಂದೇ. ಆದರೆ ಆಚರಣೆಗೆ ಬೇಕಾದುದು ಆಯಾ ಊರಿನ ಸೂರ್ಯೋದಯ. ನಮ್ಮಲ್ಲಿ ದಶಮಿಯು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮುಗಿದು, ಸೋಮವಾರ ಹತ್ತರವರೆಗೆ ಏಕಾದಶಿ ಇದ್ದರೆ ನಮ್ಮ ಉಪವಾಸ ಸೋಮವಾರ. ಕ್ಯಾಲಿಫೋರ್ನಿಯಾದಲ್ಲಿ ಭಾನುವಾರದ ಸೂರ್ಯನು ಮೂಡುವ ವೇಳೆಗೆ ನಮಗೆ ಭಾನುವಾರ ಸಂಜೆಯಾಗಿರುವುದು. ಏಕಾದಶಿ ಆಗಲೇ ಬಂದಿರುವುದು. ಆದುದರಿಂದ ಅವರ ಉಪವಾಸ ಭಾನುವಾರ. ನಾನು ಎರಡು ವರ್ಷ ಮೈಸೂರಿನ ಪಂಚಾಂಗವನ್ನು ನೋಡಿ ಸೊಸೆಗೆ ತಾರೀಖು ತಿಳಿಸುತ್ತಿದ್ದೆನು. ಈಗ ಅವಳು ತಮ್ಮ ಊರಿಗೆ ಗಣಿಸಿದ ಪಂಚಾಂಗವನ್ನೇ ನೋಡುವಳು. “ಮಾವ, ಹಿಂದಿನ ಉಪವಾಸಗಳೆಲ್ಲ ಜಮಾ ಆಗಿಲ್ಲವೇ?” ಎಂದು ಒಮ್ಮೆ ಕೇಳಿದಳು. ಶಾಸ್ತ್ರದಲ್ಲಿ ಉತ್ತರ ಸಿಗಲಿಲ್ಲ. “ನಿನ್ನದು ಜಮಾ, ನನ್ನದು ಖರ್ಚು” ಎಂದೆನು.

ಅಂದಿನ ಮಾತಿಗೆ ಹಿಂದಿರುಗುತ್ತೇನೆ. ಮರುದಿನ ಬೆಳಿಗ್ಗೆ ಆಕೆಗೆ ಚೆನ್ನಾಗಿ ಎಚ್ಚರವಾಯಿತು. ಹತ್ತಿರ ಹೋಗಿ, “ಮಗ ಹೇಳಿದ ಗಂಟೆಗೆ ಸರಿಯಾಗಿಯೇ ಕರೆದನು, ನಾವು ಲೆಕ್ಕ ತಪ್ಪಿದೆವು” ಎಂದು, ಮಾರ್ಚ್, ನವೆಂಬರ್ ಎಲ್ಲವನ್ನೂ ವಿವರಿಸಲು ತೊಡಗಿದೆನು. ಆಕೆ ಕಣ್ಣು ಮುಚ್ಚಿಕೊಂಡೇ, “ಈಗ ಅವನಿಗೆ ಎಷ್ಟು ಗಂಟೆ?” ಎಂದಳು. ಬೆರಳು ಮಡಿಸಿ ಎಣಿಸಿ, “ರಾತ್ರಿ ಎಂಟು” ಎಂದೆನು. “ಊಟ ಮಾಡಿದ್ದಾನೆಯೋ ಕೇಳಿ” ಎಂದಳು.

ಕೇಳಿದೆನು. ಹಿಂದಿನ ದಿನದಿಂದ ಅವನು ಸರಿಯಾಗಿ ಉಂಡಿರಲಿಲ್ಲ.

ಮನೆಗೆ ಬಂದ ಮೇಲೆ ಎರಡನೆಯ ಗಡಿಯಾರವನ್ನು ತಂದು ಹಾಕಿದೆನು. ವರ್ಷಕ್ಕೆ ಎರಡು ಸಾರಿ, ಮಾರ್ಚಿಯಲ್ಲಿಯೂ ನವೆಂಬರಿನಲ್ಲಿಯೂ, ನಾನು ಕುರ್ಚಿಯ ಮೇಲೆ ಹತ್ತಿ ಅದರ ಮುಳ್ಳನ್ನು ತಿರುಗಿಸುತ್ತೇನೆ. ಆಕೆ ಕೆಳಗೆ ನಿಂತು ಕುರ್ಚಿಯನ್ನು ಹಿಡಿದುಕೊಂಡು, “ಮುಂದಕ್ಕೋ ಹಿಂದಕ್ಕೋ, ಸರಿಯಾಗಿ ನೋಡಿ” ಎನ್ನುವಳು. ದಡ್ಡ ಹುಡುಗನಂತೆ ನಾನು ಪಾಠವನ್ನು ಗಟ್ಟಿಯಾಗಿ ಒಪ್ಪಿಸಿ, ಆಮೇಲೆಯೇ ಕೆಳಗೆ ಇಳಿಯುತ್ತೇನೆ.