ಮೌಂಟನ್ ವ್ಯೂ ಊರಿನ ಯಂತ್ರಶಾಲೆ

2024ನೆಯ ಇಸವಿ ಜುಲೈ 19ನೆಯ ತಾರೀಖು ಶುಕ್ರವಾರ, ಅಮೆರಿಕದಲ್ಲಿರುವ ಮಗನನ್ನು ನೋಡಿಬರುವುದಕ್ಕಾಗಿ ನಾವೂ ನಮ್ಮ ಮನೆಯವರೂ ಬೆಂಗಳೂರಿನಿಂದ ಹೊರಟೆವು. ಮುಂಬಯಿಗೆ ಹೋಗಿ ಅಲ್ಲಿಂದ ದೊಡ್ಡ ವಿಮಾನವನ್ನು ಹಿಡಿಯತಕ್ಕದ್ದೆಂದು ಏರ್ಪಾಡಾಗಿತ್ತು. ಮಧ್ಯಾಹ್ನ ನಿಲ್ದಾಣವನ್ನು ಸೇರಿ ನೋಡಿದರೆ ಜನರ ಸಾಲು ಬಾಗಿಲವರೆಗೂ ಬೆಳೆದಿದ್ದಿತು. ಕಂಪ್ಯೂಟರಿನ ಪರದೆಗಳು ನೀಲಿಬಣ್ಣ ತಾಳಿ ಸುಮ್ಮನೆ ನಿಂತಿದ್ದುವು. ಮೇಜಿನ ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಒಂದು ಚೀಟಿಯ ಮೇಲೆ ನಮ್ಮ ಹೆಸರನ್ನೂ ಆಸನದ ಸಂಖ್ಯೆಯನ್ನೂ ಲೇಖನಿಯಿಂದ ಬರೆದು ಕೊಟ್ಟಳು. ಮೂವತ್ತೈದು ವರ್ಷ ಮಕ್ಕಳ ಕಾಪಿ ಪುಸ್ತಕಗಳನ್ನು ತಿದ್ದಿದ ನಮಗೆ ಅವಳ ಅಕ್ಷರವು ಅಷ್ಟೇನೂ ಒಪ್ಪಲಿಲ್ಲ. ಆದರೂ ಆ ಹೊತ್ತಿಗೆ ನಮ್ಮನ್ನು ವಿಮಾನ ಹತ್ತಿಸಿದುದು ಆ ಅಕ್ಷರವೇ.

ಅದರ ಕಾರಣವನ್ನು ಮಗನು ತರುವಾಯ ವಿವರಿಸಿದನು. ಕಂಪ್ಯೂಟರುಗಳನ್ನು ಕಳ್ಳರಿಂದ ಕಾಪಾಡುವ ಸಂಸ್ಥೆಯೊಂದು ಆ ಬೆಳಗ್ಗೆ ತನ್ನ ಗಿರಾಕಿಗಳಿಗೆಲ್ಲ ಒಂದು ಚಿಕ್ಕ ಕಡತವನ್ನು ಕಳುಹಿಸಿತಂತೆ. ಅದು ಕಾವಲು ಪ್ರೋಗ್ರಾಮಿಗೆ ಇಪ್ಪತ್ತೊಂದನೆಯ ಅಂಶವೊಂದನ್ನು ನೋಡೆಂದು ಹೇಳಿತು. ಅಲ್ಲಿ ಇದ್ದುವು ಇಪ್ಪತ್ತು ಮಾತ್ರ. ಇಲ್ಲದುದನ್ನು ಓದಲು ಹೋಗಿ ಯಂತ್ರವು ಮೂರ್ಛೆಹೋಯಿತು. 78 ನಿಮಿಷಗಳಲ್ಲಿ ಆ ಕಡತವನ್ನು ಹಿಂದಕ್ಕೆ ತೆಗೆದುಕೊಂಡರೂ ಅಷ್ಟರೊಳಗೆ ಸುಮಾರು 85 ಲಕ್ಷ ಕಂಪ್ಯೂಟರುಗಳು ಬಿದ್ದುಹೋಗಿದ್ದುವು. ಬಹುಪಾಲು ಯಂತ್ರಗಳ ಮುಂದೆ ಒಬ್ಬೊಬ್ಬ ಮನುಷ್ಯನು ಹೋಗಿ ಕುಳಿತು ಕೈಯಾರೆ ಎಬ್ಬಿಸಬೇಕಾಯಿತು. ಇಪ್ಪತ್ತೋ ಇಪ್ಪತ್ತೊಂದೋ ಎಂದು ಎಣಿಸಿ ನೋಡದಿದ್ದುದೇ ಅಪರಾಧ! ಪ್ರಾಥಮಿಕ ಶಾಲೆಯಲ್ಲಾಗಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆವು.

ಹೊರಡುವ ಮುನ್ನ ನಮ್ಮ ತಮ್ಮನು ನಮಗೊಂದು ಹೊರೆಯನ್ನು ಹೊರಿಸಿದ್ದನು. ಅವನ ಮಗಳು ಪಿ.ಯು.ಸಿ.ಯನ್ನು ಮುಗಿಸಿ ಇಂಜಿನಿಯರಿಂಗ್ ಸೇರುವ ಹೊಸ್ತಿಲಲ್ಲಿದ್ದಳು. ಹುಡುಗಿಗೆ ಕಂಪ್ಯೂಟರ್ ವಿಭಾಗವೇ ಬೇಕು. ತಂದೆಗೆ ಭಯ. "ಅಣ್ಣ, ಈಗ ಯಂತ್ರವೇ ಪ್ರೋಗ್ರಾಮು ಬರೆಯುತ್ತದಂತೆ. ನಾಲ್ಕು ವರ್ಷ ಓದಿಸಿದ ಮೇಲೆ ಕೆಲಸವಿಲ್ಲವೆಂದರೆ ಗತಿಯೇನು? ನಿಮ್ಮ ಮಗನನ್ನು ಕೇಳಿ ಎರಡು ವಾರದೊಳಗೆ ತಿಳಿಸಿ" ಎಂದಿದ್ದನು. ಅಡಿಕೆತೋಟದ ಆದಾಯದಿಂದ ಓದಿಸತಕ್ಕವನು. ಅವನ ಭಯವನ್ನು ತಳ್ಳಿಹಾಕುವಂತಿರಲಿಲ್ಲ.

ಮಗನಿರುವ ಊರು ಮೌಂಟನ್ ವ್ಯೂ, ಎಂದರೆ ಗಿರಿದರ್ಶನ. ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ದಕ್ಷಿಣಕ್ಕೆ, ಕೊಲ್ಲಿಯ ಅಂಚಿನಲ್ಲಿದೆ. ಗಿರಿಗಳು ಇರುವುದೇನೋ ನಿಜ. ಬೇಸಗೆಯಲ್ಲಿ ಮಳೆಯಿಲ್ಲದ ಸೀಮೆಯಾದುದರಿಂದ ಅವೆಲ್ಲ ಒಣಹುಲ್ಲಿನ ಹಳದಿಬಣ್ಣದಲ್ಲಿರುವುವು. ಜುಲೈಯಲ್ಲಿ ಮಲೆನಾಡಿನಿಂದ ಹೋದವರ ಕಣ್ಣಿಗೆ ಅದು ಬಹಳ ವಿಚಿತ್ರ. ಒಂದು ಕಾಲಕ್ಕೆ ಈ ಕಣಿವೆಯೆಲ್ಲ ಹಣ್ಣಿನ ತೋಟಗಳಾಗಿದ್ದಿತು. 1956ರಲ್ಲಿ ಷಾಕ್ಲಿ ಎಂಬ ವಿಜ್ಞಾನಿಯು ಇಲ್ಲಿ ಸಿಲಿಕಾನಿನ ಪ್ರಯೋಗಶಾಲೆಯನ್ನು ಸ್ಥಾಪಿಸಿದನು. ಆಮೇಲೆ ತೋಟಗಳು ಹೋಗಿ ಕಚೇರಿಗಳು ಬಂದುವು. ಬೀದಿಗಳು ಚೊಕ್ಕಟವಾಗಿವೆ, ನಡೆಯುವವರು ಮಾತ್ರ ಇಲ್ಲ. ಸಾಯಂಕಾಲ ತಿರುಗಾಡಲು ಹೊರಟರೆ ನಮ್ಮಂತೆ ಮಕ್ಕಳ ಮನೆಗೆ ಬಂದ ತಾಯಿತಂದೆಗಳೇ ಎದುರಾಗುವರು.

ಎರಡನೆಯ ಶನಿವಾರ ಮಗನು ನಮ್ಮನ್ನು ಕಂಪ್ಯೂಟರ್ ಇತಿಹಾಸದ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದನು. ಷೋರ್‌ಲೈನ್ ರಸ್ತೆಯಲ್ಲಿ ಅದರ ಮನೆ ಸಂಖ್ಯೆ 1401. ಒಳಗೆ ಪ್ರಾಣ ಹಿಡಿದುಕೊಂಡು ಕೆಲಸಮಾಡುತ್ತಿರುವ ಹಳೆಯ ಯಂತ್ರದ ಹೆಸರೂ ಐ.ಬಿ.ಎಂ. 1401! 1959ರಲ್ಲಿ ಹೊರಬಂದ ಈ ಜಾತಿಯ ಯಂತ್ರಗಳು ಎರಡು ಅಲ್ಲಿವೆ. ಒಂದನ್ನು ಜರ್ಮನಿಯಿಂದಲೂ ಮತ್ತೊಂದನ್ನು ಕನೆಕ್ಟಿಕಟ್ ಸಂಸ್ಥಾನದಿಂದಲೂ ತಂದು, ನಿವೃತ್ತರಾದ ಇಂಜಿನಿಯರುಗಳು ಸಂಬಳವಿಲ್ಲದೆ ದುರಸ್ತಿಮಾಡಿ ನಡೆಯಿಸುತ್ತಿದ್ದಾರೆ. ನಮಗಿಂತ ಎಷ್ಟೋ ಹಿರಿಯರು. ಯಂತ್ರದ ಮುಂದೆ ನಿಂತರೆ ಹುಡುಗರಂತೆ ಆಗುವರು. ರಟ್ಟಿನ ಕಾರ್ಡುಗಳಲ್ಲಿ ತೂತುಗಳೇ ಅಕ್ಷರಗಳು. ಒಂದು ಕಾರ್ಡಿನಲ್ಲಿ ಎಂಬತ್ತು ಅಕ್ಷರಗಳಿಗೆ ಎಡೆ. ಆ ಕಾರ್ಡುಗಳನ್ನು ನುಂಗಿ ಯಂತ್ರವು ನಿಮಿಷಕ್ಕೆ ಆರುನೂರು ಸಾಲುಗಳನ್ನು ಅಚ್ಚುಹಾಕಿದಾಗ ಆದ ಸದ್ದಿಗೆ ನಮ್ಮ ಮನೆಯವರು ಕಿವಿ ಮುಚ್ಚಿಕೊಂಡರು.

ಬಂದವರು ತಮ್ಮ ಹೆಸರನ್ನು ತಾವೇ ಕಾರ್ಡಿನ ಮೇಲೆ ತೂತಿಸಿಕೊಳ್ಳಬಹುದು. ಕನ್ನಡವಿಲ್ಲ, ಇಂಗ್ಲಿಷಿನ ದೊಡ್ಡಕ್ಷರಗಳು ಮಾತ್ರ. ನಾವು ತಮ್ಮನ ಮಗಳ ಹೆಸರನ್ನು ಒತ್ತಲು ಹೋಗಿ ಒಂದಕ್ಷರವನ್ನು ತಪ್ಪಿದೆವು. ಅಳಿಸುವ ಬಗೆ ಹೇಗೆಂದು ಕೇಳಲಾಗಿ ಅಲ್ಲಿದ್ದ ವೃದ್ಧರು ನಕ್ಕು, ಬಿದ್ದ ತೂತನ್ನು ಮುಚ್ಚುವಂತಿಲ್ಲ, ಹೊಸ ಕಾರ್ಡೇ ಗತಿ ಎಂದು ಇನ್ನೊಂದನ್ನು ಕೊಟ್ಟರು. ಎರಡನ್ನೂ ಜೇಬಿನಲ್ಲಿಟ್ಟುಕೊಂಡೆವು.

ಆದರೆ ನಮ್ಮನ್ನು ಬಹಳ ಹೊತ್ತು ನಿಲ್ಲಿಸಿದುದು ಚಂದ್ರಲೋಕಕ್ಕೆ ಹೋದ ಅಪೊಲೊ ನೌಕೆಗಳ ಕಂಪ್ಯೂಟರು. ಅದರ ಪ್ರೋಗ್ರಾಮು ತಂತಿಯಲ್ಲಿ ನೇಯಲ್ಪಟ್ಟುದು. ಉಂಗುರದಂತಹ ಸಣ್ಣ ಸಣ್ಣ ಕಾಂತದ ಬಿಲ್ಲೆಗಳು; ತಂತಿಯು ಉಂಗುರದೊಳಗೆ ಹಾದರೆ ಒಂದು, ಹೊರಗೆ ಹಾದರೆ ಸೊನ್ನೆ. ಮ್ಯಾಸಚೂಸೆಟ್ಸ್ ಸಂಸ್ಥಾನದ ವಾಲ್ಥಮ್ ಎಂಬಲ್ಲಿ ರೇಥಿಯನ್ ಕಾರ್ಖಾನೆಯ ಹೆಂಗಸರು ಕುಳಿತು ಇದನ್ನು ನೇಯ್ದರು. ಸೂತ್ರವೆಂದರೆ ದಾರವೆಂದು ಎಷ್ಟು ತರಗತಿಗಳಿಗೆ ಹೇಳಿದ್ದೆವೋ! ಆ ಶಬ್ದಾರ್ಥವನ್ನು ಕಣ್ಣಾರೆ ಕಂಡುದು ಅಲ್ಲಿ. ಒಮ್ಮೆ ನೇಯ್ದ ಮೇಲೆ ತಿದ್ದುವುದು ದುಸ್ತರವಾದುದರಿಂದ ನೇಯುವ ಮುನ್ನವೇ ಮತ್ತೆ ಮತ್ತೆ ಪರೀಕ್ಷಿಸುತ್ತಿದ್ದರು. ಈ ಪ್ರೋಗ್ರಾಮಿನ ಕೆಲಸಕ್ಕೆ ಮುಖ್ಯಸ್ಥೆಯಾಗಿದ್ದ ಮಾರ್ಗರೆಟ್ ಹ್ಯಾಮಿಲ್ಟನ್ ಎಂಬಾಕೆಯು, ಇದೂ ಸೇತುವೆ ಕಟ್ಟುವಂತಹ ಗೌರವದ ವಿದ್ಯೆಯೆಂದು ತೋರಿಸಲು ಇದನ್ನು ಸಾಫ್ಟ್‌ವೇರ್ ಇಂಜಿನಿಯರಿಂಗ್ ಎಂದು ಕರೆಯುತ್ತಿದ್ದಳು. 1968ರ ಅಕ್ಟೋಬರಿನಲ್ಲಿ ಜರ್ಮನಿಯ ಗಾರ್ಮಿಷ್ ಊರಿನಲ್ಲಿ ನೆರೆದ ವಿದ್ವತ್ಸಭೆಯೂ ಅದೇ ಹೆಸರನ್ನು ಹೊತ್ತಿತ್ತು.

1969ರ ಜುಲೈ 20ರಂದು ಚಂದ್ರನ ಮೇಲೆ ಇಳಿಯುತ್ತಿರುವಾಗ ಬೇಡದ ಸಂಕೇತಗಳು ನುಗ್ಗಿ ಈ ಯಂತ್ರಕ್ಕೆ ಹೊರೆ ಮೀರಿತು. ಅದು ಎಚ್ಚರಿಕೆಯನ್ನು ತೋರಿಸಿ, ಮುಖ್ಯವಲ್ಲದ ಕೆಲಸಗಳನ್ನು ಬಿಟ್ಟು, ಇಳಿಸುವ ಕೆಲಸವನ್ನು ಮಾತ್ರ ಹಿಡಿದುಕೊಂಡಿತು. ಹೀಗೂ ಆಗಬಹುದೆಂದು ಮುಂಚೆಯೇ ಯೋಚಿಸಿ ಬರೆದವರಿದ್ದರು. ಐವತ್ತೈದು ವರ್ಷಗಳಿಗೆ ಒಂದು ದಿನ ಕಡಮೆಯಿರುವಾಗ ನಾವು ಬೆಂಗಳೂರಿನಲ್ಲಿ ಕೈಬರಹದ ಚೀಟಿ ಹಿಡಿದು ನಿಂತಿದ್ದೆವು.

ಇಲ್ಲಿ ಒಂದು ಮಾತು. ಸಂಸ್ಕೃತವೇ ಕಂಪ್ಯೂಟರಿಗೆ ಸರ್ವೋತ್ತಮ ಭಾಷೆಯೆಂದು ನಾಸಾದವರು ತೀರ್ಮಾನಿಸಿದ್ದಾರೆಂದು ನಮ್ಮ ಮಿತ್ರರಲ್ಲಿ ಹಲವರು ಹೇಳುವುದುಂಟು. ಅದರ ಮೂಲ 1985ರಲ್ಲಿ ರಿಕ್ ಬ್ರಿಗ್ಸ್ ಎಂಬವರು ಬರೆದ ಒಂದು ಲೇಖನ. ನಮ್ಮ ಶಾಸ್ತ್ರಕಾರರು ವಾಕ್ಯಾರ್ಥವನ್ನು ಬಿಡಿಸುವ ಕ್ರಮಕ್ಕೂ ಯಂತ್ರಕ್ಕೆ ಅರ್ಥವನ್ನು ತಿಳಿಸುವ ಕ್ರಮಕ್ಕೂ ಇರುವ ಹೋಲಿಕೆಯನ್ನು ಅವರು ತೋರಿಸಿದರೇ ಹೊರತು ತೀರ್ಪೇನನ್ನೂ ಕೊಡಲಿಲ್ಲ. ಇಲ್ಲದ ಬಿರುದು ನಮಗೆ ಏತಕ್ಕೆ? ಪ್ರೋಗ್ರಾಮಿನ ಭಾಷೆಗಳಿಗೆ ವ್ಯಾಕರಣ ಬರೆಯುವ ಬ್ಯಾಕಸ್ ಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು 1967ರಲ್ಲಿಯೇ ಇಂಗರ್‌ಮನ್ ಎಂಬವರು ಸೂಚಿಸಿದ್ದರು. ಅದು ಸಾಲದೆ?

ಆ ರಾತ್ರಿ ಊಟವಾದ ಮೇಲೆ ಮಗನು, "ಅಪ್ಪ, ನೀವೇ ಪರೀಕ್ಷೆ ಮಾಡಿ ನೋಡಿ" ಎಂದು ಹೊಸ ಯಂತ್ರವನ್ನು ತೆರೆದನು. ಮನುಷ್ಯರು ಬರೆದ ಅಪಾರ ಗ್ರಂಥರಾಶಿಯನ್ನೂ ಪ್ರೋಗ್ರಾಮುಗಳನ್ನೂ ಅರೆದು ಕುಡಿದು, ಒಂದು ಮಾತಿನ ಮುಂದೆ ಯಾವ ಮಾತು ಬರಬೇಕೆಂದು ಊಹಿಸುತ್ತ ಬರೆಯತಕ್ಕ ಬಗೆಯದು. 2022ರ ನವೆಂಬರಿನಿಂದ ಇಂತಹುದು ಲೋಕಪ್ರಸಿದ್ಧವಾಯಿತು. ಸವರ್ಣದೀರ್ಘ ಸಂಧಿ ಮಾಡುವ ಪ್ರೋಗ್ರಾಮನ್ನು ಬರೆ ಎಂದು ಕೇಳಿದೆವು. ನಾವು ಕನ್ನಡಕ ಒರಸಿಕೊಳ್ಳುವಷ್ಟರಲ್ಲಿ ಬರೆದುಬಿಟ್ಟಿತು. ವಿದ್ಯಾ, ಆಲಯ ಕೊಟ್ಟೆವು; ವಿದ್ಯಾಲಯವೆಂದಿತು. ಗಿರಿ, ಈಶ, ಗಿರೀಶ. ಗುರು, ಉಪದೇಶ, ಗುರೂಪದೇಶ. ಮಗನ ಮುಖ ಅರಳಿತು. ಪಿತೃ, ಋಣ ಎಂದೆವು. ಯಂತ್ರವು ಎರಡನ್ನೂ ಸುಮ್ಮನೆ ಅಕ್ಕಪಕ್ಕದಲ್ಲಿಟ್ಟಿತು. ಋಕಾರವನ್ನು ಅದು ಮರೆತೇಬಿಟ್ಟಿತ್ತು. ತಪ್ಪನ್ನು ತೋರಿಸಿದೊಡನೆಯೇ ಬಹಳ ವಿನಯದಿಂದ ಕ್ಷಮೆ ಬೇಡಿ ತಿದ್ದಿಕೊಂಡಿತು. ಅಷ್ಟು ವಿನಯವನ್ನು ನಾವು ಯಾವ ಶಿಷ್ಯನಲ್ಲಿಯೂ ಕಂಡುದಿಲ್ಲ.

"ನನಗೆ ಅದು ಹೊಳೆಯುತ್ತಲೇ ಇರಲಿಲ್ಲ" ಎಂದನು ಮಗ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ನಮ್ಮ ಕೆಲಸವೂ ಹೀಗೆಯೇ. ನೂರು ಸಾಲು ಬರೆಯುತ್ತಿದ್ದವರು ಯಂತ್ರ ಬರೆದ ಸಾವಿರ ಸಾಲು ಓದಿ ತಪ್ಪು ಹಿಡಿಯಬೇಕು. ಹೊಸಬರನ್ನು ತೆಗೆದುಕೊಳ್ಳುವುದು ಕಡಮೆಯಾಗಿದೆ. ಕೈಯಿಂದ ಬರೆದು, ಪೆಟ್ಟು ತಿಂದು ಕಲಿಯದವರು ನಾಳೆ ಯಾವ ತಪ್ಪನ್ನು ಹಿಡಿದಾರು?" ಎಂದನು. ಅವನ ಕಚೇರಿಯಲ್ಲಿಯೂ ಹಲವರನ್ನು ಬಿಡಿಸಿದ್ದರು. ಕೆಲಸ ಹೋದರೆ ಅರುವತ್ತು ದಿನಗಳೊಳಗೆ ಬೇರೊಂದನ್ನು ಹುಡುಕಿಕೊಳ್ಳದಿದ್ದವರು ದೇಶ ಬಿಡಬೇಕಾಗುವ ನಿಬಂಧನೆಯಲ್ಲಿ ಅವನಿರುವುದು. ಇದನ್ನು ಅವನು ನಮಗೆ ಹೇಳಲಿಲ್ಲ. ಸೊಸೆಯು ಅಡಿಗೆಮನೆಯಲ್ಲಿ ಅತ್ತೆಗೆ ಹೇಳಿದಳು.

ಮರುದಿನ ತಮ್ಮನಿಗೆ ಫೋನು ಮಾಡಿದೆವು. ಸುಳ್ಳು ಧೈರ್ಯ ಹೇಳಲಿಲ್ಲ. ಮೊದಲಿನ ಹಾಗೆ ಪದವಿ ಬಂದೊಡನೆ ಕೆಲಸವೆಂದು ನಂಬಬೇಡ. ಹುಡುಗಿಗೆ ಲೆಕ್ಕದಲ್ಲಿ ನಿಜವಾದ ಪ್ರೀತಿಯಿದ್ದರೆ, ಯಂತ್ರದ ನೆರವಿಲ್ಲದೆ ಬರೆದು ಕಲಿಯುವಷ್ಟು ಹಟವಿದ್ದರೆ ತಡೆಯಬೇಡ ಎಂದೆವು. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಕಡೆಗೆ, "ಸಿವಿಲ್ ಆದರೆ ಊರಿನಲ್ಲಿಯೇ ಇರಬಹುದಿತ್ತು" ಎಂದನು.

ಸೆಪ್ಟೆಂಬರಿನಲ್ಲಿ ನಾವು ಹಿಂದಿರುಗುವ ಹೊತ್ತಿಗೆ ಅವಳು ಕಂಪ್ಯೂಟರ್ ವಿಭಾಗವನ್ನೇ ಆರಿಸಿಕೊಂಡಿದ್ದಳು. 2025ರ ಫೆಬ್ರವರಿಯಲ್ಲಿ ಕಾರ್ಪಾಥಿ ಎಂಬ ಪ್ರಸಿದ್ಧ ವಿದ್ವಾಂಸರು, ಯಂತ್ರ ಬರೆದುದನ್ನು ಓದದೆಯೇ ಒಪ್ಪಿಕೊಂಡು ಮುಂದುವರಿಯುವ ರೀತಿಗೆ ವೈಬ್ ಕೋಡಿಂಗ್ ಎಂದು ಹೆಸರಿಟ್ಟರೆಂದು ಮಗನು ಫೋನಿನಲ್ಲಿ ಹೇಳಿ ನಕ್ಕನು. ನಮಗೆ ನಗು ಬರಲಿಲ್ಲ. ಎರಡು ಕಾರ್ಡುಗಳನ್ನೂ ಹುಡುಗಿಯ ಮುಂದೆ ಇಟ್ಟಿದ್ದೆವು. "ದೊಡ್ಡಪ್ಪ, ಇದರಲ್ಲಿ ನನ್ನ ಹೆಸರು ತಪ್ಪಾಗಿದೆಯಲ್ಲ!" ಎಂದಳು. ನಡೆದುದನ್ನು ಹೇಳಿದೆವು. ಸರಿಯಾದುದನ್ನು ತಂದೆಯ ಕೈಗೆ ಕೊಟ್ಟು, ತಪ್ಪಾದುದನ್ನು ತನ್ನ ಲೆಕ್ಕದ ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಂಡಳು. ತಮ್ಮನ ಮುಖವಿನ್ನೂ ಪೂರ್ತಿ ತಿಳಿಯಾಗಿಲ್ಲ.