ನಾಲಿಗೆಯ ಗುಳ್ಳೆ: ಹೆದರಬೇಕಾದ್ದು ಯಾವುದಕ್ಕೆ?

ಎಲುಬಿಲ್ಲದ ನಾಲಿಗೆ ಏನು ಬೇಕಾದರೂ ಆಡೀತು ಎಂದು ಹಿರಿಯರು ಎಚ್ಚರಿಸುತ್ತಾರೆ. ಆದರೆ ಆ ನಾಲಿಗೆಯನ್ನೇ ಕನ್ನಡಿಯಲ್ಲಿ ಸರಿಯಾಗಿ ನೋಡಿಕೊಂಡವರು ಕಡಿಮೆ. ಬೆಳಿಗ್ಗೆ ಹಲ್ಲುಜ್ಜುವಾಗ ಒಮ್ಮೆ ಕೆರೆದು ಬಾಯಿ ಮುಕ್ಕಳಿಸಿದರೆ ಅಲ್ಲಿಗೆ ಮುಗಿಯಿತು. ಎಂದೋ ಒಂದು ದಿನ ಅಲ್ಲೊಂದು ಗುಳ್ಳೆ, ಇಲ್ಲೊಂದು ಚುಕ್ಕೆ ಕಂಡಾಗ ಮಾತ್ರ ಎದೆ ಧಸಕ್ಕೆನ್ನುತ್ತದೆ.

ಮಳವಳ್ಳಿ ತಾಲ್ಲೂಕಿನ ಹಳ್ಳಿಯೊಂದರ ಪಿಯುಸಿ ಹುಡುಗನಿಗೆ ಆದದ್ದೂ ಇದೇ. ಗಂಟಲು ನೋವೆಂದು ಟಾರ್ಚು ಹಿಡಿದು ನೋಡಿಕೊಂಡ. ನಾಲಿಗೆಯ ಬುಡದಲ್ಲಿ ಸಾಲಾಗಿ ದಪ್ಪ ಗುಳ್ಳೆಗಳು. ಅವನ ತಾತ ತೀರಿಕೊಂಡದ್ದು ಬಾಯಿ ಕ್ಯಾನ್ಸರಿನಿಂದ. ಹುಡುಗ ಯಾರಿಗೂ ಹೇಳಲಿಲ್ಲ. ಮುದ್ದೆ ಸೇರಲಿಲ್ಲ, ಓದು ತಲೆಗೆ ಹತ್ತಲಿಲ್ಲ. ಹತ್ತು ದಿನದ ಮೇಲೆ ತಾಯಿ ಗದರಿಸಿ ಕೇಳಿದಾಗ ಅತ್ತುಬಿಟ್ಟ. ತಂದೆ ಅವನನ್ನು ಮದ್ದೂರಿನ ದಂತವೈದ್ಯರೊಬ್ಬರ ಬಳಿಗೆ ಕರೆದೊಯ್ದರು.

"ಇವು ರೋಗವಲ್ಲಪ್ಪ, ಹುಟ್ಟುವಾಗಲೇ ತಂದದ್ದು. ನನಗೂ ಇವೆ, ನಿಮ್ಮಪ್ಪನಿಗೂ ಇವೆ" ಎಂದರು ವೈದ್ಯರು.

ಅವರು ಹೇಳಿದ್ದು ನಿಜ. ನಾಲಿಗೆ ನುಣ್ಣಗಿನ ಅಂಗವಲ್ಲ. ಅದರ ಮೇಲೆಲ್ಲ ಪ್ಯಾಪಿಲ್ಲಾ ಎಂಬ ಸಣ್ಣ ಉಬ್ಬುಗಳಿವೆ. ಎಲ್ಲಕ್ಕಿಂತ ಹೆಚ್ಚಾಗಿರುವುದು ಎಳೆಯಂಥ ಉಬ್ಬುಗಳು. ನಾಲಿಗೆಗೆ ತರಿ ಕೊಡುವುದು ಇವೇ, ಇವುಗಳಲ್ಲಿ ರುಚಿಮೊಗ್ಗುಗಳಿಲ್ಲ. ತುದಿಯಲ್ಲಿ, ಅಂಚಿನಲ್ಲಿ ಕೆಂಪು ಚುಕ್ಕೆಗಳಂತೆ ಕಾಣುವವು ಅಣಬೆಯಾಕಾರದವು. ಹಿಂಬದಿಯ ಎರಡು ಪಕ್ಕಗಳಲ್ಲಿ ಮಡಿಕೆಯಂಥವು ಇವೆ. ಬುಡದಲ್ಲಿ ಇಂಗ್ಲಿಷಿನ 'ವಿ' ಅಕ್ಷರದ ಆಕಾರದಲ್ಲಿ ಸಾಲುಗಟ್ಟಿರುವ 8ರಿಂದ 12 ದೊಡ್ಡ ಉಬ್ಬುಗಳೇ ಆ ಹುಡುಗನ ನಿದ್ದೆ ಕೆಡಿಸಿದವು.

ಕೆಲವರ ನಾಲಿಗೆಯ ತುದಿಯಲ್ಲಿ ಕಪ್ಪು ಚುಕ್ಕೆಗಳಿರುತ್ತವೆ. ಹಳ್ಳಿಗಳಲ್ಲಿ ಇದನ್ನು 'ಮಚ್ಚೆ ನಾಲಿಗೆ' ಎಂದು ಕರೆದು, ಅಂಥವರು ಆಡಿದ್ದು ನಿಜವಾಗುತ್ತದೆ ಎಂದು ಹೆದರುವುದುಂಟು. ಮನೆಯಲ್ಲಿ ಕೆಟ್ಟದ್ದೇನಾದರೂ ನಡೆದರೆ "ನೀನು ಅಂದಿದ್ದಕ್ಕೇ ಆಯ್ತು" ಎಂಬ ಮಾತು ಮಗುವಿನ ತಲೆಗೆ ಬರುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಅಣಬೆಯಾಕಾರದ ಉಬ್ಬುಗಳಲ್ಲೂ ಸೇರಿಕೊಂಡರೆ ಹೀಗೆ ಕಾಣುತ್ತದೆ, ಅಷ್ಟೆ. ಕಂದುಬಣ್ಣದ ಜನರಲ್ಲಿ ಇದು ಸಾಮಾನ್ಯ. ಮಗುವಿನ ಮಾತಿಗೂ ಮನೆಯ ಕಷ್ಟಕ್ಕೂ ಸಂಬಂಧವಿಲ್ಲ.

ಕಬ್ಬಿನ ಸೀಮೆಯ ಮಕ್ಕಳಿಗೆ ಇನ್ನೊಂದು ಅನುಭವ ಗೊತ್ತು. ಜಲ್ಲೆಯನ್ನು ಹಲ್ಲಿನಲ್ಲೇ ಸಿಗಿದು ತಿಂದ ಮರುದಿನ ನಾಲಿಗೆ ಉರಿಯುತ್ತದೆ. ಕಾದ ಎಣ್ಣೆಯಿಂದ ಆಗತಾನೆ ಎತ್ತಿದ ವಡೆಗೆ ಆತುರಪಟ್ಟು ಬಾಯಿ ಹಾಕಿದರೂ ಹಾಗೆಯೇ. ತುದಿಯಲ್ಲಿ ಸಣ್ಣ ಗುಳ್ಳೆ ಎದ್ದು ನಾಲ್ಕಾರು ದಿನಗಳಲ್ಲಿ ಇಳಿಯುತ್ತದೆ. ಜನ 'ಉಷ್ಣ' ಎನ್ನುವ ಬಾಯಿಹುಣ್ಣು, ಅಂದರೆ ಸುತ್ತ ಕೆಂಪಾಗಿ ನಡುವೆ ಬಿಳುಪಾಗಿರುವ ಹುಣ್ಣು, ಒಂದೆರಡು ವಾರಗಳಲ್ಲಿ ತಾನೇ ಮಾಯುತ್ತದೆ. ಕೆಲವರ ನಾಲಿಗೆಯ ಮೇಲೆ ಭೂಪಟದಂತೆ ಕೆಂಪು ಮಚ್ಚೆಗಳು ಮೂಡಿ ದಿನದಿನಕ್ಕೂ ಜಾಗ ಬದಲಿಸುತ್ತವೆ. ಇದೂ ಅಪಾಯವಲ್ಲ, ಅಂಟುವುದೂ ಇಲ್ಲ.

ಆದರೆ ನಾಲಿಗೆ ತರಿ ಕಳೆದುಕೊಂಡು ನುಣ್ಣಗೆ ಕೆಂಪಾಗಿ, ಖಾರ ತಾಗಿದರೆ ಉರಿಯುತ್ತಿದ್ದರೆ ಕಬ್ಬಿಣಾಂಶ ಅಥವಾ ಬಿ-12 ಜೀವಸತ್ವದ ಕೊರತೆ ಇರಬಹುದು. ರಕ್ತಪರೀಕ್ಷೆ ಮಾಡಿಸಬೇಕು. ಜ್ವರದೊಂದಿಗೆ ಚಿಕ್ಕ ಮಗುವಿನ ನಾಲಿಗೆ ಸ್ಟ್ರಾಬೆರಿ ಹಣ್ಣಿನಂತೆ ಕೆಂಪಾಗಿ ಉಬ್ಬಿದರೆ ಅಂದೇ ವೈದ್ಯರಿಗೆ ತೋರಿಸಬೇಕು.

ಮದ್ದೂರಿನ ಆ ವೈದ್ಯರು ಮಗನಿಗೆ ಧೈರ್ಯ ಹೇಳಿ ಸುಮ್ಮನಾಗಲಿಲ್ಲ. ತಂದೆಯ ತುಟಿಯ ಬಣ್ಣ ನೋಡಿ "ಯಜಮಾನರೇ, ನೀವೂ ಸ್ವಲ್ಪ ಬಾಯಿ ತೆಗೀರಿ" ಎಂದರು. ಎಲೆಅಡಿಕೆಯ ಜೊತೆ ಕಡ್ಡಿಪುಡಿ ಒತ್ತರಿಸುತ್ತಿದ್ದ ಕಡೆ, ನಾಲಿಗೆಯ ಅಂಚಿನಲ್ಲಿ, ಬಟ್ಟೆಯಿಂದ ಒರೆಸಿದರೂ ಹೋಗದ ಬಿಳಿ ಮಚ್ಚೆ. ನೋವಿರಲಿಲ್ಲ, ಆದ್ದರಿಂದ ಅವರು ಗಮನಿಸಿರಲೂ ಇಲ್ಲ. ಮಂಡ್ಯಕ್ಕೆ ಹೋಗಿ ಅದರ ಚೂರು ತೆಗೆಸಿ ಪರೀಕ್ಷೆ ಮಾಡಿಸಿದರು. ಕ್ಯಾನ್ಸರ್ ಆಗಿರಲಿಲ್ಲ, ಹಾಗೆಯೇ ಬಿಟ್ಟಿದ್ದರೆ ಆಗುವ ಸಾಧ್ಯತೆ ಇತ್ತು. ಕಡ್ಡಿಪುಡಿ ಬಿಟ್ಟರು. ತಿಂಗಳು ತಿಂಗಳಿಗೆ ತೋರಿಸಿಕೊಳ್ಳುತ್ತಿದ್ದಾರೆ.

ಹುಡುಗ ಹೆದರಿದ್ದು ಹೆದರಬೇಕಿಲ್ಲದ್ದಕ್ಕೆ. ತಂದೆ ಹೆದರದಿದ್ದದ್ದು ಹೆದರಬೇಕಾದ್ದಕ್ಕೆ. ನೋವು ಇಲ್ಲವೆಂದರೆ ರೋಗವೂ ಇಲ್ಲ ಎಂಬ ಎಣಿಕೆ ಬಾಯಿಯ ವಿಷಯದಲ್ಲಿ ತಪ್ಪು. ಕ್ಯಾನ್ಸರ್ ಮೊದಮೊದಲು ನೋಯುವುದೇ ಅಪರೂಪ.

ತಂಬಾಕಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿತು. ಅಡಿಕೆಪುಡಿಯ ಪೊಟ್ಟಣ ಹರಿದು ಬಾಯಿಗೆ ಸುರಿದುಕೊಳ್ಳುವ ಹುಡುಗರಲ್ಲಿ ಕೆನ್ನೆಯ ಒಳಪದರ ಬಿಗಿದು, ಬಾಯಿಯೇ ಪೂರ್ತಿ ತೆರೆಯದಂತಾಗುವುದುಂಟು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೆ ಅಡಿಕೆಯದೊಂದು, ತಂಬಾಕಿನದೊಂದು ಪೊಟ್ಟಣ ಕೊಂಡು ಅಂಗೈಯಲ್ಲೇ ಬೆರೆಸಿಕೊಳ್ಳುವವರನ್ನು ಕಾನೂನೊಂದೇ ತಡೆಯಲಾರದು.

ತಿಂಗಳಿಗೊಮ್ಮೆ ಮನೆಮಂದಿಯೆಲ್ಲ ಬೆಳಕಿನಲ್ಲಿ ನಾಲಿಗೆ ನೋಡಿಕೊಳ್ಳುವುದು ಒಳ್ಳೆಯದು. ಮೇಲ್ಭಾಗ, ಎರಡು ಅಂಚು, ಕೆಳಭಾಗ, ಎಲ್ಲವನ್ನೂ ನೋಡಬೇಕು. ಎರಡು ಕಡೆಯೂ ಒಂದೇ ರೀತಿ ಇರುವ ಉಬ್ಬುಗಳು ಸಾಮಾನ್ಯವಾಗಿ ಸಹಜವಾದವು. ಒಂದೇ ಕಡೆ ಎದ್ದ ಗಂಟು, ಒರೆಸಿದರೆ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಮುಟ್ಟಿದರೆ ರಕ್ತ, ನುಂಗಲು ಕಷ್ಟ, ಕುತ್ತಿಗೆಯಲ್ಲಿ ಗಡ್ಡೆ, ಇವುಗಳಲ್ಲಿ ಯಾವುದಿದ್ದರೂ ತಡಮಾಡಬಾರದು. ದಂತವೈದ್ಯರ ಬಳಿಗೋ ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಹೋಗಬಹುದು. ಹೆಚ್ಚಿನ ಚಿಕಿತ್ಸೆ ಬೇಕಾದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇದೆ. ಬೇಗ ಕಂಡುಹಿಡಿದರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು.

ಮಕ್ಕಳು ಬಾಯಿ ತೆರೆದು ತೋರಿಸಿದಾಗ "ಏನೂ ಇಲ್ಲ ಹೋಗು" ಎಂದು ಗದರಿಸದೆ ಒಂದು ನಿಮಿಷ ನೋಡುವ ತಾಳ್ಮೆ ತಂದೆತಾಯಿಗಳಿಗೆ ಇರಬೇಕು. ಮಕ್ಕಳೂ ಅಷ್ಟೆ, ಅಪ್ಪನಿಗೋ ತಾತನಿಗೋ "ಎಲ್ಲಿ, ನಿಮ್ಮ ನಾಲಿಗೆ ತೋರಿಸಿ" ಎಂದು ಕೇಳಲು ಸಂಕೋಚಪಡಬಾರದು.